ಡಾಲ್ಮೇಷಿಯಾ ಕರಾವಳಿಯಲ್ಲಿ ಪುಟ್ಟ ಹಡಗಿನ ಒಂದು ವಾರ: ಯೋಜನೆ ಹಾಕಿಕೊಳ್ಳುವ ಬಗೆ

ಕ್ರೊಯೇಷಿಯಾ ದೇಶದ ದಕ್ಷಿಣ ಕರಾವಳಿಗೆ ಡಾಲ್ಮೇಷಿಯಾ ಎಂದು ಹೆಸರು. ಏಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿರುವ ಈ ಸೀಮೆಯಲ್ಲಿ ಸುಣ್ಣಕಲ್ಲಿನ ಬೆಟ್ಟಗಳು ನೇರವಾಗಿ ನೀರಿಗೆ ಇಳಿಯುತ್ತವೆ. ಅವುಗಳ ಎದುರಿಗೆ ಉದ್ದುದ್ದನೆಯ ದ್ವೀಪಗಳು ಒಂದರ ಹಿಂದೆ ಒಂದು ಸಾಲುಗಟ್ಟಿವೆ. ತೆರೆದ ಕಡಲಿನ ಅಲೆಗಳನ್ನು ಈ ದ್ವೀಪಗಳೇ ತಡೆಯುವುದರಿಂದ, ಮೂವತ್ತು ನಲವತ್ತು ಪ್ರಯಾಣಿಕರನ್ನು ಹೊತ್ತ ಸಣ್ಣ ಹಡಗುಗಳು ಬೇಸಿಗೆಯುದ್ದಕ್ಕೂ ಊರಿಂದ ಊರಿಗೆ ನಿರಾತಂಕವಾಗಿ ಓಡಾಡುತ್ತವೆ. ಮೂರು ಸಾವಿರ ಜನರ ದೊಡ್ಡ ಕ್ರೂಸ್ ಹಡಗಿಗೆ ಡುಬ್ರೊವ್ನಿಕ್ ಮತ್ತು ಸ್ಪ್ಲಿಟ್‌ನಂಥ ದೊಡ್ಡ ಬಂದರುಗಳೇ ಬೇಕು. ಪುಟ್ಟ ಹಡಗು ಮೀನುಗಾರರ ಊರಿನ ಕಟ್ಟೆಗೇ ಹಗ್ಗ ಕಟ್ಟಿ, ರಾತ್ರಿ ಅಲ್ಲೇ ತಂಗುತ್ತದೆ. ಆದರೆ ಹಡಗು ಸಣ್ಣದಾದಷ್ಟೂ ಗಾಳಿಯ ಮಾತು ಹೆಚ್ಚು ನಡೆಯುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಯೋಜನೆಗೆ ಕೂರಬೇಕು. ಯಾವ ತಿಂಗಳು, ಯಾವ ಕ್ಯಾಬಿನ್, ಎಷ್ಟು ದಿನದ ಬಿಡುವು ಎಂಬ ಎಲ್ಲ ತೀರ್ಮಾನಗಳೂ ಅಲ್ಲಿಂದಲೇ ಹೊರಡುತ್ತವೆ.

ತಿಂಗಳು ಗೊತ್ತು ಮಾಡುವುದು

ಈ ಹಡಗುಗಳು ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಓಡುತ್ತವೆ. ಜೂನ್ ಬಂತೆಂದರೆ ಕಡಲಿಗೆ ಬೀಗ ಎಂಬ ಲೆಕ್ಕದಲ್ಲಿ ಬೆಳೆದ ನಮ್ಮ ಕರಾವಳಿಯವರಿಗೆ, ಅಂದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡ ಹತ್ತಿ ಕೂರುವುದನ್ನು ಕಂಡವರಿಗೆ, ಇದು ತುಸು ತಲೆಕೆಳಗಾಗಿ ಕಾಣಬಹುದು. ಅಲ್ಲಿ ಜೂನ್ ಅತ್ಯುತ್ತಮ ತಿಂಗಳು. ಹಗಲು ದೀರ್ಘವಾಗಿರುತ್ತದೆ, ಈಜುವಷ್ಟು ನೀರು ಬೆಚ್ಚಗಾಗಿರುತ್ತದೆ, ಜನಜಂಗುಳಿ ಇನ್ನೂ ಏರಿರುವುದಿಲ್ಲ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಯುರೋಪಿನ ಶಾಲೆಗಳಿಗೆ ರಜೆ ಇರುವುದರಿಂದ ದರವೂ ಸೆಕೆಯೂ ಗದ್ದಲವೂ ಒಟ್ಟಿಗೆ ಏರುತ್ತವೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲಾರ್ಧ ಇನ್ನೂ ಒಂದು ಕೈ ಮೇಲು, ಏಕೆಂದರೆ ಬೇಸಿಗೆಯೆಲ್ಲ ಕಾದ ನೀರು ಆಗಲೂ 22–24 ಡಿಗ್ರಿಯಷ್ಟು ಬೆಚ್ಚಗಿರುತ್ತದೆ ಮತ್ತು ದ್ರಾಕ್ಷಿ ಕೊಯ್ಲಿನ ಕಾಲ ಅದು.

ಮೂರು ಗಾಳಿಗಳ ಹೆಸರನ್ನು ತಿಳಿದುಕೊಂಡು ಹೋದರೆ ಕ್ಯಾಪ್ಟನ್ ಹೇಳುವುದು ಅರ್ಥವಾಗುತ್ತದೆ. ಬೇಸಿಗೆಯ ಒಳ್ಳೆಯ ದಿನಗಳಲ್ಲಿ ವಾಯವ್ಯದಿಂದ ಬೀಸುವುದು ಮಾಯೆಸ್ತ್ರಾಲ್. ಇದು ಬೆಳಿಗ್ಗೆ ಹೊತ್ತೇರಿದ ಮೇಲೆ ಎದ್ದು ಸಂಜೆಗೆ ಅಡಗುವ ಸಜ್ಜನ ಗಾಳಿ. ಹಡಗುಗಳು ಬೆಳಗಿನ ಉಪಾಹಾರದ ಹೊತ್ತಿಗೇ ಹೊರಟು ಮಧ್ಯಾಹ್ನದೊಳಗೆ ಹೆಚ್ಚಿನ ದಾರಿ ಮುಗಿಸುವುದಕ್ಕೆ ಇದೂ ಒಂದು ಕಾರಣ. ಈಶಾನ್ಯದ ಬೆಟ್ಟಗಳಿಂದ ಥಟ್ಟನೆ ಧುಮುಕುವ ಒಣ, ತಣ್ಣನೆಯ ಗಾಳಿ ಬುರಾ. ಇದರ ಅಬ್ಬರ ಚಳಿಗಾಲದಲ್ಲಿ ಹೆಚ್ಚು. ಮೂರನೆಯದು ಆಗ್ನೇಯದ ಯೂಗೊ. ಮೋಡ, ಜಿಗುಟು ಸೆಕೆ, ದಿನದಿಂದ ದಿನಕ್ಕೆ ಬೆಳೆಯುವ ಅಲೆ ಇವೆಲ್ಲ ಅದರ ಲಕ್ಷಣಗಳು, ಮತ್ತು ವಸಂತ ಹಾಗೂ ಶರತ್ಕಾಲದಲ್ಲಿ ಅದು ಪದೇ ಪದೇ ಬರುತ್ತದೆ. ಯೂಗೊ ಬೀಸುವಾಗ ಜನರ ತಲೆ ಸರಿ ಇರುವುದಿಲ್ಲವೆಂದು ಹಳೆಯ ಡುಬ್ರೊವ್ನಿಕ್ ಗಣರಾಜ್ಯದಲ್ಲಿ ಮುಖ್ಯ ನಿರ್ಣಯಗಳನ್ನೇ ಮುಂದೂಡುತ್ತಿದ್ದರು ಎಂಬ ಪ್ರತೀತಿ ಇದೆ. ಮೇ ಮೊದಲ ವಾರ ಅಥವಾ ಅಕ್ಟೋಬರ್‌ನ ಅಗ್ಗದ ದರಕ್ಕೆ ಮನಸ್ಸು ಮಾಡುವವರು ಈ ಗಾಳಿಯನ್ನೂ ಆ ದರದೊಳಗೇ ಸೇರಿಸಿ ಲೆಕ್ಕ ಹಾಕಬೇಕು.

ದಾರಿ ಆರಿಸುವುದು

ಸಾಮಾನ್ಯ ಪ್ರವಾಸ ಏಳು ರಾತ್ರಿಯದು, ಬಹುತೇಕ ಶನಿವಾರದಿಂದ ಶನಿವಾರಕ್ಕೆ. ಸ್ಪ್ಲಿಟ್‌ನಿಂದ ಹೊರಟು ಸ್ಪ್ಲಿಟ್‌ಗೇ ಮರಳುವ ಸುತ್ತು ಒಂದು. ಸ್ಪ್ಲಿಟ್‌ನಲ್ಲಿ ಹತ್ತಿ ಡುಬ್ರೊವ್ನಿಕ್‌ನಲ್ಲಿ ಇಳಿಯುವ ಅಥವಾ ಅದರ ವಿರುದ್ಧ ದಿಕ್ಕಿನ ಏಕಮುಖ ಪಯಣ ಇನ್ನೊಂದು. ಜಾದರ್, ಶಿಬೆನಿಕ್ ನಗರಗಳು ಮತ್ತು ಕೊರ್ನಾತಿ ದ್ವೀಪಸಮೂಹವನ್ನು ಕಾಣುವ ಉತ್ತರದ ಸುತ್ತು ಮತ್ತೊಂದು. ಮೊದಲ ಸಲ ಹೋಗುವವರಿಗೆ ಸ್ಪ್ಲಿಟ್–ಡುಬ್ರೊವ್ನಿಕ್ ಏಕಮುಖ ಪಯಣವೇ ಸರಿ. ಕಂಡ ಊರನ್ನೇ ಮತ್ತೆ ಕಾಣುವ ಪ್ರಮೇಯವಿಲ್ಲ, ಕರಾವಳಿಯ ಎರಡು ಹೆಸರಾಂತ ನಗರಗಳು ಎರಡು ತುದಿಗೆ ಸಿಗುತ್ತವೆ. ವಿಮಾನದ ಟಿಕೆಟ್ ಮಾತ್ರ ಬರುವುದು ಒಂದು ಊರಿಗೆ, ಹೋಗುವುದು ಇನ್ನೊಂದು ಊರಿನಿಂದ ಎಂಬಂತೆ ಒಂದೇ ಬುಕಿಂಗ್‌ನಲ್ಲಿ ತೆಗೆದುಕೊಳ್ಳಬೇಕು.

ಹಡಗುಗಳ ಕಾರ್ಯಕ್ರಮಪಟ್ಟಿಗಳನ್ನು ಹೋಲಿಸುವಾಗ ಊರುಗಳ ಸಂಖ್ಯೆಯನ್ನು ಎಣಿಸುವುದಕ್ಕಿಂತ, ಯಾವ ಊರಿನಲ್ಲಿ ರಾತ್ರಿ ತಂಗುತ್ತದೆ ಎಂದು ನೋಡುವುದು ಮುಖ್ಯ. ಬ್ರಾಚ್ ದ್ವೀಪದ ಬೊಲ್ ಊರಿನ ಬಳಿ ಜ್ಲಾತ್ನಿ ರಾತ್ ಎಂಬ, ನಾಲಿಗೆಯಂತೆ ಸಮುದ್ರಕ್ಕೆ ಚಾಚಿದ ಬೆಣಚುಕಲ್ಲಿನ ಕಡಲತೀರವಿದೆ. ಅದಕ್ಕೆ ಎರಡು ಗಂಟೆ ಸಾಕು. ಹ್ವಾರ್ ಪಟ್ಟಣದಲ್ಲಿ ಬೇಸಿಗೆಯ ರಾತ್ರಿ ಸಂಗೀತ, ಕುಡಿತದ ಗದ್ದಲ ತಡವಾಗಿ ನಿಲ್ಲುತ್ತದೆ. ಅದೇ ದ್ವೀಪದ ಇನ್ನೊಂದು ಬದಿಯಲ್ಲಿರುವ ಸ್ತಾರಿ ಗ್ರಾದ್‌ನಲ್ಲಿ ತಂಗುವ ಹಡಗು ಸಿಕ್ಕರೆ ಅದನ್ನು ಬಿಡಬೇಡಿ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಕರು ಬಂದು ಹಿಸ್ಸೆ ಮಾಡಿಕೊಂಡ ಹೊಲಗಳು, ಅದೇ ಕಲ್ಲುಗೋಡೆಯ ಗಡಿಗಳೊಳಗೆ ಇಂದಿಗೂ ದ್ರಾಕ್ಷಿ ಮತ್ತು ಆಲಿವ್ ಬೆಳೆಯುತ್ತಿವೆ. 2008ರಲ್ಲಿ ಯುನೆಸ್ಕೊ ಆ ಬಯಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೈಕಲ್ ಬಾಡಿಗೆಗೆ ಪಡೆದು ಒಂದು ಸಂಜೆ ಅಲ್ಲಿ ಸುತ್ತಬಹುದು.

ವಿಸ್ ದ್ವೀಪ ಯುಗೊಸ್ಲಾವಿಯಾದ ಸೇನಾನೆಲೆಯಾಗಿದ್ದು 1989ರವರೆಗೆ ವಿದೇಶೀಯರಿಗೆ ಮುಚ್ಚಿತ್ತು. ಹೋಟೆಲುಗಳ ಕಾಟ ಅಲ್ಲಿ ಇಂದಿಗೂ ಕಡಿಮೆ ಇರುವುದಕ್ಕೆ ಅದೇ ಕಾರಣ. ಪಕ್ಕದ ಬಿಶೆವೊ ದ್ವೀಪದ ನೀಲಿ ಗುಹೆಯನ್ನು ಎಲ್ಲ ಪಟ್ಟಿಗಳೂ ದೊಡ್ಡ ಅಕ್ಷರದಲ್ಲಿ ಹಾಕುತ್ತವೆ. ಅದರ ಬಾಯಿ ಎಷ್ಟು ಕಿರಿದೆಂದರೆ ಚಿಕ್ಕ ದೋಣಿಯಲ್ಲಿ ಕುಳಿತು ತಲೆ ಬಗ್ಗಿಸಿಯೇ ಒಳಹೋಗಬೇಕು. ನೀರಿನಡಿಯ ಇನ್ನೊಂದು ಕಂಡಿಯಿಂದ ಬಿಸಿಲು ಒಳನುಗ್ಗಿ ಬಿಳಿಯ ತಳಕ್ಕೆ ತಾಗಿ ಗುಹೆಯೆಲ್ಲ ನೀಲಿಯಾಗುವುದು ಹೆಚ್ಚುಕಡಿಮೆ ಬೆಳಿಗ್ಗೆ ಹನ್ನೊಂದರಿಂದ ನಡುಹಗಲಿನವರೆಗೆ. ಅಷ್ಟು ಹೊತ್ತಿಗೆ ಸರತಿಯೂ ಉದ್ದವಾಗಿರುತ್ತದೆ. ದಕ್ಷಿಣದ ಅಲೆ ಎದ್ದರೆ ಗುಹೆಗೆ ಪ್ರವೇಶವೇ ಇಲ್ಲ. ಈ ಒಂದು ಗುಹೆಗಾಗಿ ಹಡಗನ್ನು ಆರಿಸುವುದು ಜಾಣತನವಲ್ಲ.

ನಾನಾದರೆ ಮ್ಲಿಯೆತ್ ದ್ವೀಪ ಇರುವ ಪಟ್ಟಿಯನ್ನು ಆರಿಸುತ್ತೇನೆ. ಅದರ ಪಶ್ಚಿಮ ಭಾಗ 1960ರಿಂದ ರಾಷ್ಟ್ರೀಯ ಉದ್ಯಾನ. ಪೈನ್ ಕಾಡಿನ ನಡುವೆ ಸಮುದ್ರಕ್ಕೆ ಸಣ್ಣ ಕಾಲುವೆಯಿಂದ ಕೂಡಿಕೊಂಡ ಎರಡು ಉಪ್ಪುನೀರಿನ ಸರೋವರಗಳಿವೆ. ದೊಡ್ಡದರ ನಡುವಿನ ಪುಟ್ಟ ನಡುಗಡ್ಡೆಯಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಹಳೆಯ ಮಠ. ಕೊರ್ಚುಲಾ ಊರಿನಲ್ಲಿ ಮಾರ್ಕೊ ಪೋಲೊ ಹುಟ್ಟಿದ ಮನೆಯೆಂದು ಒಂದನ್ನು ತೋರಿಸುತ್ತಾರೆ, ಅದಕ್ಕೆ ಆಧಾರ ತೆಳು. ಅಲ್ಲಿನ ಕತ್ತಿವರಸೆಯ ಕುಣಿತ ಮೊರೆಶ್ಕಾ ಇರುವ ಸಂಜೆ ಸಿಕ್ಕರೆ ಮಾತ್ರ ತಪ್ಪಿಸಬಾರದು.

ಹಡಗು ಮತ್ತು ಕ್ಯಾಬಿನ್

ಹಣದ ಬಹುಪಾಲು ಹೋಗುವುದೂ ಅಸಮಾಧಾನದ ಬಹುಪಾಲು ಹುಟ್ಟುವುದೂ ಇಲ್ಲೇ. ಸಾಂಪ್ರದಾಯಿಕ, ಪ್ರೀಮಿಯಂ, ಡೀಲಕ್ಸ್ ಎಂದು ದರ್ಜೆಗಳಿರುತ್ತವೆ. ಈ ಹೆಸರುಗಳನ್ನು ನಂಬದೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಏರ್ ಕಂಡೀಷನ್ ರಾತ್ರಿಯಿಡೀ ಇರುತ್ತದೆಯೇ, ಅಥವಾ ಜನರೇಟರ್ ನಿಲ್ಲಿಸಿದಾಗ ನಿಲ್ಲುತ್ತದೆಯೇ? ಬಚ್ಚಲು ಕ್ಯಾಬಿನ್ನಿನೊಳಗೇ ಇದೆಯೇ? ಕ್ಯಾಬಿನ್ ಯಾವ ಅಂತಸ್ತಿನಲ್ಲಿದೆ, ಅದಕ್ಕಿರುವುದು ತೆರೆಯುವ ಕಿಟಕಿಯೋ, ಮುಚ್ಚಿದ ದುಂಡು ಗಾಜೋ? ಎಂಜಿನ್ ಕೋಣೆ ಎಷ್ಟು ಹತ್ತಿರ?

ನಮ್ಮ ಏಜೆಂಟರು ಕೊಟ್ಟ ಕಾಗದದಲ್ಲಿ ‘ಸಮುದ್ರ ನೋಟದ ಕ್ಯಾಬಿನ್’ ಎಂದಿತ್ತು. ಹೋಗಿ ನೋಡಿದರೆ ಅದು ಕೆಳ ಅಂತಸ್ತಿನದು, ಊಟದ ತಟ್ಟೆಯಗಲದ ಗಾಜು, ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ. ಹಗಲು ಹಸಿರು ನೀರು ಕಾಣುತ್ತಿತ್ತು, ಅದೇನೋ ಸರಿಯೇ. ರಾತ್ರಿ ಬಂದರಿನಲ್ಲಿ ಆ ಗಾಜಿನಾಚೆ ಪಕ್ಕದ ಹಡಗಿನ ಬಿಳಿ ಬಣ್ಣದ ಹೊಟ್ಟೆ ಮಾತ್ರ. ಏಕೆಂದರೆ ಹ್ವಾರ್, ಕೊರ್ಚುಲಾದಂಥ ಸಣ್ಣ ಬಂದರುಗಳಲ್ಲಿ ಕಟ್ಟೆಯ ಜಾಗ ಕಡಿಮೆ. ನಾಲ್ಕೈದು ಹಡಗುಗಳನ್ನು ಒಂದರ ಮಗ್ಗುಲಿಗೆ ಒಂದು ನಡುವೆ ರಬ್ಬರಿನ ಮೆತ್ತೆಗಳನ್ನು ತೂಗಿಬಿಟ್ಟು ಹಗ್ಗದಿಂದ ಬಿಗಿಯುತ್ತಾರೆ. ಹೊರಗಿನ ಹಡಗಿನವರು ಒಳಗಿನ ಹಡಗುಗಳ ಊಟದ ಮೇಜುಗಳ ಪಕ್ಕದಲ್ಲೇ, ನಾಲ್ಕು ಹೊಸ್ತಿಲು ದಾಟಿ, ನಾಲ್ಕು ಸಲ ‘ದೋಬರ್ ದಾನ್’ ಎಂದು ನಮಸ್ಕಾರ ಹೇಳುತ್ತ ದಡ ಸೇರುತ್ತಾರೆ. ಮಜವಾಗಿಯೇ ಇರುತ್ತದೆ, ಎರಡನೆಯ ದಿನದವರೆಗೆ. ಮುಖ್ಯ ಅಂತಸ್ತಿನ ಕ್ಯಾಬಿನ್ನಿಗೆ ಹೆಚ್ಚು ಹಣ ಕೇಳಿದರೆ ಕೊಡಿ. ಸಮುದ್ರದ ನೋಟಕ್ಕಲ್ಲ, ಗಾಳಿ ಬೆಳಕಿಗೆ. ನೋಟಕ್ಕೆ ಮೇಲಿನ ತೆರೆದ ಅಂಗಳವಿದೆ, ಅಲ್ಲಿ ಎಲ್ಲರೂ ಸಮಾನರು.

ಮೊಣಕಾಲು ನೋವಿರುವ ತಂದೆತಾಯಿಯರನ್ನು ಕರೆದೊಯ್ಯುವ ಆಲೋಚನೆ ಇದ್ದರೆ ಎರಡು ಸಲ ಯೋಚಿಸಬೇಕು. ಮೆಟ್ಟಿಲುಗಳು ಏಣಿಯಷ್ಟು ಕಡಿದು, ಲಿಫ್ಟ್ ಇರುವುದು ಅಪರೂಪ, ದಡಕ್ಕೆ ಇಳಿಯಲು ಇರುವುದು ಒಂದು ಅಗಲಕಿರಿದಾದ ಅಡ್ಡಹಲಗೆ. ಅಂಥವರಿಗೆ ದೊಡ್ಡ ಹಡಗೇ ಲೇಸು ಎಂದು ಹೇಳಲು ನನಗೆ ಸಂಕೋಚವಿಲ್ಲ.

ವೀಸಾ ಮತ್ತು ಗಡಿಗಳು

ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗನ್ ವಲಯವನ್ನೂ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು) ಯೂರೊ ನಾಣ್ಯವನ್ನೂ ಒಟ್ಟಿಗೇ ಸೇರಿತು. ಹಾಗಾಗಿ ಹಳೆಯ ಪ್ರವಾಸಕಥನಗಳಲ್ಲಿನ ಪ್ರತ್ಯೇಕ ವೀಸಾ, ಕೂನಾ ನಾಣ್ಯದ ಮಾತುಗಳನ್ನು ಬಿಟ್ಟುಬಿಡಬಹುದು. ಭಾರತದ ಪಾಸ್‌ಪೋರ್ಟ್ ಉಳ್ಳವರು ಷೆಂಗನ್ ವೀಸಾ ಪಡೆಯಬೇಕು. ಪ್ರವಾಸದ ಹೆಚ್ಚಿನ ರಾತ್ರಿಗಳು ಕ್ರೊಯೇಷಿಯಾದಲ್ಲೇ ಕಳೆಯುವುದರಿಂದ ಅರ್ಜಿಯೂ ಆ ದೇಶಕ್ಕೇ ಸಲ್ಲಬೇಕು, ವಿಮಾನ ಮೊದಲು ಜರ್ಮನಿಯಲ್ಲಿ ಇಳಿದರೂ ಸರಿ. ಅರ್ಜಿಯನ್ನು ಹೊರಡುವ ದಿನಕ್ಕಿಂತ ಆರು ತಿಂಗಳು ಮುಂಚೆಯಿಂದ ಸಲ್ಲಿಸಬಹುದು, ಕೊನೆಯ ಗಡುವು ಹದಿನೈದು ದಿನ. ಈ ಹದಿನೈದನ್ನು ನಂಬಿ ಕೂರಬಾರದು. ಬೇಸಿಗೆಯಲ್ಲಿ ಅರ್ಜಿ ಕೇಂದ್ರದ ಸಮಯ ಸಿಗುವುದೇ ಕಷ್ಟವಾದ್ದರಿಂದ ಮೂರು ತಿಂಗಳು ಮೊದಲೇ ಕೈಹಾಕುವುದು ಕ್ಷೇಮ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆ ವಿಮೆ ಆಸ್ಪತ್ರೆಯ ಖರ್ಚಿಗೆ. ವಿಮಾನ ತಡವಾಗಿ ಹಡಗು ತಪ್ಪಿದರೆ ಒದಗುವ ಇನ್ನೊಂದು ಭಾಗವನ್ನೂ ಸೇರಿಸಿಕೊಳ್ಳಬೇಕು.

ವಾಸ್ತವ್ಯದ ಪುರಾವೆಯಾಗಿ ಹಡಗಿನವರಿಂದ ಪಡೆಯುವ ಪತ್ರದಲ್ಲಿ ಎಲ್ಲ ಪ್ರಯಾಣಿಕರ ಹೆಸರು, ಹಡಗಿನ ಹೆಸರು, ಹತ್ತುವ ಮತ್ತು ಇಳಿಯುವ ದಿನಾಂಕ, ಪ್ರತಿ ರಾತ್ರಿ ತಂಗುವ ಬಂದರು ಇಷ್ಟೂ ಇರುವಂತೆ ಕೇಳಿ ಬರೆಸಿಕೊಳ್ಳಿ. ಹಡಗಿಗೆ ಮೊದಲಿನ ಮತ್ತು ನಂತರದ ರಾತ್ರಿಗಳ ಹೋಟೆಲ್ ಪತ್ರ ಬೇರೆಯಾಗಿ ಇರಲಿ. ನಡುವೆ ಒಂದು ರಾತ್ರಿಯೂ ಖಾಲಿ ಕಾಣಬಾರದು.

ಗಡಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬೊಸ್ನಿಯಾ ದೇಶದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಕರಾವಳಿ, ನೆಯುಮ್ ಎಂಬ ಊರಿನ ಬಳಿ, ಡುಬ್ರೊವ್ನಿಕ್ ಸೀಮೆಯನ್ನು ಉಳಿದ ಕ್ರೊಯೇಷಿಯಾದಿಂದ ತುಂಡರಿಸುತ್ತದೆ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ರಸ್ತೆಯಲ್ಲಿ ಹೋಗುವವರು ಮೊದಲು ಆ ಗಡಿಯನ್ನು ಎರಡು ಸಲ ದಾಟಲೇಬೇಕಿತ್ತು. 2022ರ ಜುಲೈ 26ರಂದು ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಅದು ತಪ್ಪಿದೆ. ಹಡಗಿನಲ್ಲಿ ಹೋಗುವವರಿಗೆ ಇದರ ಪ್ರಸಂಗವೇ ಬರುವುದಿಲ್ಲ, ಆದರೆ ಕೊನೆಯ ದಿನ ಮೊಸ್ತಾರ್ ಸೇತುವೆ ನೋಡಲು ಬೊಸ್ನಿಯಾಕ್ಕೋ, ಕೊತೊರ್ ಕೊಲ್ಲಿಗೆಂದು ಮೊಂಟೆನೆಗ್ರೊಕ್ಕೋ ಒಂದು ದಿನದ ಬಸ್ ಪ್ರವಾಸ ಹಿಡಿದರೆ ಷೆಂಗನ್ ವಲಯದಿಂದ ಹೊರಹೋದಂತಾಗುತ್ತದೆ. ಏಕಪ್ರವೇಶದ ವೀಸಾ ಇದ್ದವರು ಹಿಂದಿರುಗುವಂತಿಲ್ಲ. ಆ ಆಸೆ ಇದ್ದರೆ ಬಹುಪ್ರವೇಶದ ವೀಸಾವನ್ನೇ ಕೇಳಿ, ಕೈಗೆ ಬಂದ ಸ್ಟಿಕ್ಕರ್‌ನ ಮೇಲೆ ಅದನ್ನೇ ಕೊಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ.

ಖರ್ಚಿನ ಲೆಕ್ಕ

ಜಾಹೀರಾತಿನ ದರದಲ್ಲಿ ಸಾಮಾನ್ಯವಾಗಿ ಕ್ಯಾಬಿನ್, ಬೆಳಗಿನ ಉಪಾಹಾರ ಮತ್ತು ಇನ್ನೊಂದು ಊಟ ಸೇರಿರುತ್ತವೆ. ಬಂದರು ಶುಲ್ಕ ಮತ್ತು ಪ್ರವಾಸಿ ತೆರಿಗೆ, ಪಾನೀಯಗಳು, ಉದ್ಯಾನಗಳ ಪ್ರವೇಶ, ಸಂಜೆಯ ಊಟ, ವಿಮಾನ ನಿಲ್ದಾಣದ ಕಾರು ಇವೆಲ್ಲ ಬಹಳ ಸಲ ಹೊರಗೆ. ಮೊದಲೆರಡನ್ನು ಹಡಗು ಹತ್ತಿದೊಡನೆ ನಗದಾಗಿ ಕೇಳುವ ರೂಢಿಯಿದೆ. ಒಬ್ಬರೇ ಕ್ಯಾಬಿನ್ ಹಿಡಿದರೆ ಹೆಚ್ಚುವರಿ ದರ ಬೀಳುತ್ತದೆ. ಭಾರತದ ಏಜೆಂಟರಿಂದ ಪ್ಯಾಕೇಜ್ ಕೊಂಡರೆ ಅದರ ಮೇಲೆ ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ವಸೂಲಾಗುವ ಆದಾಯ ತೆರಿಗೆ, ಸೇರುತ್ತದೆ. ಆ ಮೊತ್ತವನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದ್ದರಿಂದ ರಸೀದಿ ಜೋಪಾನ.

ಊಟ

ಹಡಗಿನ ಅಡುಗೆಮನೆ ನಮ್ಮ ದೇವರಕೋಣೆಯಷ್ಟೇ ದೊಡ್ಡದು. ಅಲ್ಲಿ ಒಬ್ಬ ಅಡುಗೆಯವನು ನಲವತ್ತು ಜನಕ್ಕೆ ಬೇಯಿಸುತ್ತಾನೆ. ಹೊತ್ತಿಗೆ ಹೊತ್ತಿಗೆ ಹೊಸ ಬೇಡಿಕೆ ಇಟ್ಟರೆ ಅವನಿಗೂ ಕಷ್ಟ, ನಮಗೂ ಹಸಿವು. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ಬರಹದಲ್ಲಿ ತಿಳಿಸಬೇಕು ಮತ್ತು ಹಡಗು ಹತ್ತಿದ ಮೊದಲ ದಿನವೇ ಅಡುಗೆಯವನನ್ನು ಕಂಡು ಮಾತನಾಡಬೇಕು. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಾಲದು, ಮೀನನ್ನು ಮಾಂಸವೆಂದು ಲೆಕ್ಕಿಸದವರೂ ಉಂಟು. ಬೆಜ್ ಮೆಸಾ ಎಂದರೆ ಮಾಂಸವಿಲ್ಲದೆ, ಬೆಜ್ ರಿಬೆ ಎಂದರೆ ಮೀನಿಲ್ಲದೆ, ಬೆಜ್ ಯಾಯಾ ಎಂದರೆ ಮೊಟ್ಟೆಯಿಲ್ಲದೆ. ಈ ಮೂರು ಮಾತು ಸಾಕಷ್ಟು ದೂರ ಒಯ್ಯುತ್ತವೆ. ರಿಸೊಟ್ಟೊ ಎಂಬ ಅನ್ನದ ಅಡುಗೆಗೆ ಮೀನಿನ ಸಾರು, ಬೀನ್ಸ್ ಕಾಳಿನ ಬಿಸಿ ಸಾರಿಗೆ ಹೊಗೆಯಾಡಿಸಿದ ಹಂದಿಮಾಂಸ ಬೀಳುವುದು ಸಾಮಾನ್ಯವಾದ್ದರಿಂದ ಅವೆರಡನ್ನೂ ಕೇಳಿಯೇ ತಿನ್ನಬೇಕು.

ನಂಬಿ ತಿನ್ನಬಹುದಾದ್ದೂ ಇದೆ. ಬ್ಲಿತ್ವಾ ಎಂಬ ಅಗಲ ಎಲೆಯ ಸೊಪ್ಪನ್ನು ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆಯೊಂದಿಗೆ ಬೇಯಿಸಿ ಮುದ್ದೆಮುದ್ದೆಯಾಗಿ ಬಡಿಸುತ್ತಾರೆ. ನಮ್ಮ ಸೊಪ್ಪಿನ ಪಲ್ಯದ ದೂರದ ನಂಟಸ್ತಿಕೆ ಅದಕ್ಕಿದೆ. ಸ್ಪ್ಲಿಟ್ ಸೀಮೆಯ ಸೊಪಾರ್ನಿಕ್ ಇನ್ನೂ ಸೊಗಸು. ತೆಳ್ಳಗೆ ಲಟ್ಟಿಸಿದ ಎರಡು ಹಿಟ್ಟಿನ ಹಾಳೆಗಳ ನಡುವೆ ಅದೇ ಸೊಪ್ಪು, ಈರುಳ್ಳಿಯ ಹೂರಣ ಹರಡಿ, ಒಲೆಯ ನೆಲದ ಮೇಲೆ ಕೆಂಡದಲ್ಲಿ ಸುಟ್ಟು, ಮೇಲೆ ಬೆಳ್ಳುಳ್ಳಿ ಎಣ್ಣೆ ಸವರಿ, ಬರ್ಫಿಯಂತೆ ವಜ್ರಾಕಾರವಾಗಿ ಕತ್ತರಿಸಿ ಕೊಡುತ್ತಾರೆ.

ಮನೆಯಿಂದ ಬುತ್ತಿ ಕಟ್ಟುವವರು ಐರೋಪ್ಯ ಒಕ್ಕೂಟದ ನಿಯಮ ನೋಡಬೇಕು. ಹೊರದೇಶಗಳಿಂದ ಹಾಲಿನ ಉತ್ಪನ್ನ ತರುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಲಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹಸಿ ಕರಿಬೇವೂ ನಿಷಿದ್ಧ. ತಮಾಷೆಯೆಂದರೆ ಆ ಪ್ರಮಾಣಪತ್ರದಿಂದ ವಿನಾಯಿತಿ ಪಡೆದ ಐದೇ ಐದು ಹಣ್ಣುಗಳಲ್ಲಿ ಬಾಳೆಯೂ ತೆಂಗೂ ಇವೆ. ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿಕೊಂಡರೆ ಸಾಕು, ಆಲಿವ್ ಎಣ್ಣೆ ಅಲ್ಲಿ ಧಾರಾಳ.

ಸಾಮಾನು

ಗಟ್ಟಿ ಸೂಟ್‌ಕೇಸ್ ಬೇಡ. ಮಡಚಿ ಮಂಚದ ಕೆಳಗೆ ತಳ್ಳಬಹುದಾದ ಮೆತ್ತನೆಯ ಚೀಲ ಬೇಕು. ತೀರಗಳಲ್ಲಿ ಮರಳು ಅಪರೂಪ, ಬಹುತೇಕ ಬೆಣಚುಕಲ್ಲು ಮತ್ತು ಬಂಡೆ. ಬಂಡೆಗಳ ಸಂದಿಯಲ್ಲಿ ಸೀ ಅರ್ಚಿನ್ ಎಂಬ ಕಪ್ಪು ಮುಳ್ಳುಚೆಂಡಿನ ಜೀವಿಗಳಿರುತ್ತವೆ. ನೀರಿನಲ್ಲಿ ತೊಡುವ ರಬ್ಬರ್ ಪಾದರಕ್ಷೆಯನ್ನು ಮರೆತವರು ಒಂದು ಸಂಜೆಯನ್ನು ಅಂಗಾಲಿನಿಂದ ಮುಳ್ಳು ಕೀಳುವುದರಲ್ಲಿ ಕಳೆಯುತ್ತಾರೆ. ಡುಬ್ರೊವ್ನಿಕ್‌ನ ಮುಖ್ಯಬೀದಿಯ ಸುಣ್ಣಕಲ್ಲು ಶತಮಾನಗಳ ಹೆಜ್ಜೆಗೆ ಸವೆದು ಕನ್ನಡಿಯಂತಾಗಿರುವುದರಿಂದ ಹಿಡಿತವಿರುವ ಅಟ್ಟೆಯ ಚಪ್ಪಲಿಯೂ ಬೇಕು. ವಿದ್ಯುತ್ 230 ವೋಲ್ಟ್, ನಮ್ಮ ಎರಡು ಕಡ್ಡಿಯ ಪ್ಲಗ್ ಬಹುತೇಕ ಹಿಡಿಸುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಇಟ್ಟುಕೊಂಡು, ಅಲೆ ಎದ್ದ ಮೇಲಲ್ಲ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು.

ಹಡಗು ಹತ್ತುವುದರಿಂದ ಇಳಿಯುವವರೆಗೆ

ಬೆಂಗಳೂರಿನಿಂದ ಸ್ಪ್ಲಿಟ್‌ಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್, ಮ್ಯೂನಿಕ್‌ನಂಥ ಕಡೆ ಬದಲಾಯಿಸಬೇಕು, ವಲಸೆ ತಪಾಸಣೆಯೂ ಅಲ್ಲೇ ಮುಗಿಯುತ್ತದೆ. ಹಡಗು ಶನಿವಾರ ಹೊರಡುವುದಾದರೆ ಗುರುವಾರವೇ ಸ್ಪ್ಲಿಟ್ ಸೇರಿ. ಚೀಲ ಒಂದು ದಿನ ತಡವಾಗಿ ಬಂದರೂ ಕೈಗೆ ಸಿಗುತ್ತದೆ, ಮತ್ತು ನಾಲ್ಕನೆಯ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕಟ್ಟಿಸಿದ ಅರಮನೆಯೊಳಗೆ, ಇಂದಿಗೂ ಜನ ಬಟ್ಟೆ ಒಣಹಾಕುವ ಆ ಗೋಡೆಗಳ ನಡುವೆ, ಒಂದಿಡೀ ದಿನ ಸುತ್ತಾಡಬಹುದು.

ಹಡಗು ಹತ್ತಿದೊಡನೆ ಬಹುತೇಕ ಕಡೆ ಚಪ್ಪಲಿಗಳನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಬಿಡಿಸುತ್ತಾರೆ. ಮರದ ನೆಲದ ಮೇಲೆ ಬರಿಗಾಲಿನ ಓಡಾಟ. ದಿನಚರಿ ಸರಳ. ಉಪಾಹಾರದ ಹೊತ್ತಿಗೆ ಹಡಗು ಹೊರಟು ಮೂರು ನಾಲ್ಕು ಗಂಟೆ ಸಾಗುತ್ತದೆ, ನಡುವೆ ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಇಳಿಸಿ ಈಜಲು ಬಿಡುತ್ತಾರೆ, ಊಟ, ನಂತರ ಊರು. ಈಜಲು ಬಾರದವರು ಒಂದನ್ನು ತಿಳಿದಿರಬೇಕು: ಏಣಿಯಿಂದ ಇಳಿದರೆ ಕಾಲಿಗೆ ನೆಲ ಸಿಗುವುದಿಲ್ಲ. ಏಡ್ರಿಯಾಟಿಕ್‌ನ ನೀರು ಸಾಮಾನ್ಯ ಸಾಗರಕ್ಕಿಂತ ಹೆಚ್ಚು ಉಪ್ಪಾದ್ದರಿಂದ ತೇಲುವುದು ಸುಲಭ, ಆದರೂ ತೇಲುಜಾಕೆಟ್ ಕೇಳಿ ಹಾಕಿಕೊಳ್ಳಲು ನಾಚಿಕೆ ಬೇಡ. ಕೇಳಿದರೆ ಖುಷಿಯಿಂದಲೇ ಕೊಡುತ್ತಾರೆ.

ಕ್ಯಾಪ್ಟನ್ ದಾರಿ ಬದಲಿಸಿದರೆ ವಾದಕ್ಕಿಳಿಯಬಾರದು. ಹವಾಮಾನದ ಕಾರಣಕ್ಕೆ ಬಂದರು ಬದಲಿಸುವ ಅಧಿಕಾರ ಅವನಿಗಿದೆಯೆಂದು ನೀವು ಸಹಿ ಹಾಕಿದ ಷರತ್ತುಗಳಲ್ಲೇ ಇರುತ್ತದೆ. ನಮ್ಮ ಪಯಣದಲ್ಲಿ ಯೂಗೊ ಎದ್ದು ವಿಸ್ ತಪ್ಪಿತು. ಬದಲಿಗೆ ಪೆಲ್ಯೆಶಾತ್ಸ್ ಪರ್ಯಾಯದ್ವೀಪದ ಮರೆಯಲ್ಲಿ ನಿಂತು, ಸ್ತೋನ್ ಊರಿನ ಐದೂವರೆ ಕಿಲೋಮೀಟರ್ ಉದ್ದದ ಕೋಟೆಗೋಡೆ ಹತ್ತಿ, ಅದು ಕಾಯುತ್ತಿದ್ದ ಉಪ್ಪಿನ ಗದ್ದೆಗಳನ್ನು ನೋಡಿದೆವು. ಗೋಕರ್ಣದ ಬಳಿಯ ಸಾಣೀಕಟ್ಟೆಯ ಉಪ್ಪಿನಾಗರಗಳನ್ನು ಕಂಡವರಿಗೆ ಆ ಕಟ್ಟೆ, ಆ ಚೌಕಗಳು ಹೊಸವಲ್ಲ.

ಕೊನೆಯ ರಾತ್ರಿ ಹಡಗು ಡುಬ್ರೊವ್ನಿಕ್‌ನ ಗ್ರೂಜ್ ಬಂದರಿನಲ್ಲಿ ನಿಲ್ಲುತ್ತದೆ; ಹಳೆಯ ಪಟ್ಟಣ ಅಲ್ಲಿಂದ ಸುಮಾರು ಮೂರು ಕಿಲೋಮೀಟರ್, ನಗರ ಬಸ್ಸಿದೆ. 1,940 ಮೀಟರ್ ಉದ್ದದ ಕೋಟೆಗೋಡೆಯ ಮೇಲೆ ಒಂದು ಸುತ್ತು ಬರಲು ಬಿಸಿಲೇರುವ ಮೊದಲು, ಬಾಗಿಲು ತೆರೆದ ಕೂಡಲೇ ಹೋಗಬೇಕು, ಏಕೆಂದರೆ ಮೇಲೆ ನೆರಳೆಂಬುದು ಇಲ್ಲ. ಶನಿವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕ್ಯಾಬಿನ್ ಬಿಡಿಸುವುದರಿಂದ ಇದನ್ನು ಇಳಿದ ಮರುದಿನಕ್ಕೆ ಇಟ್ಟುಕೊಂಡು, ಪಟ್ಟಣದಲ್ಲಿ ಒಂದು ರಾತ್ರಿ ಉಳಿದು ಭಾನುವಾರ ಮಧ್ಯಾಹ್ನದ ವಿಮಾನ ಹಿಡಿಯುವುದು ಒಳ್ಳೆಯದು. ವಿಮಾನ ನಿಲ್ದಾಣ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ಬಾರ್‌ನ ಲೆಕ್ಕವನ್ನೂ ಸಿಬ್ಬಂದಿಗೆ ಕೊಡುವ ಇನಾಮನ್ನೂ ಶುಕ್ರವಾರ ರಾತ್ರಿಯೇ ಮುಗಿಸಿಡಿ. ಬೆಳಿಗ್ಗೆ ಎಲ್ಲರೂ ಒಮ್ಮೆಗೇ ಆ ಚಪ್ಪಲಿ ಪೆಟ್ಟಿಗೆಯ ಸುತ್ತ ಬಗ್ಗಿ ನಿಂತಿರುತ್ತಾರೆ, ವಾರದಿಂದ ತಳಕ್ಕೆ ಬಿದ್ದ ಒಂಟಿ ಚಪ್ಪಲಿಯನ್ನು ಹುಡುಕಲು ಸ್ವಲ್ಪ ಹೊತ್ತು ಬೇಕಾಗುತ್ತದೆ.